‘ಗೊತ್ತಿಲ್ಲ ಸರ್’ ಅನ್ನೋದು ಸುಲಭ

ವೈವಾದಲ್ಲಿ ಯಾರಾದರೂ ಸುಮ್ಮನೆ ನಿಂತರೆ ಅವರಿಗೆ ಉತ್ತರ ಗೊತ್ತಿಲ್ಲ ಅಂತ ನಾವು ತೀರ್ಮಾನ ಮಾಡಿಬಿಡ್ತೀವಿ. ಎಕ್ಸ್‌ಟರ್ನಲ್ ಮಾತ್ರ ಅಲ್ಲ, ಪಕ್ಕದ ಟೇಬಲ್‌ನಲ್ಲಿ ನಿಂತಿರುವ ನಾವೂ ಅಷ್ಟೇ. ಬಹಳಷ್ಟು ಸಲ ಅದು ನಿಜ ಕೂಡ. ನನ್ನ ವಿಷಯದಲ್ಲಂತೂ ಯಾವಾಗಲೂ ನಿಜ. ಆದರೆ ಉತ್ತರ ಗೊತ್ತಿದ್ದೂ ಬಾಯಿಂದ ಹೊರಗೆ ಬರದೆ ನಿಲ್ಲುವವರು ನಮ್ಮ ಕ್ಯಾಂಪಸ್‌ನಲ್ಲೇ ಇದ್ದಾರೆ. ಅವರ ಅಂಕ ಹೋಗ್ತಿರೋದು ಓದದೇ ಇರೋದಕ್ಕಲ್ಲ, ಉಗ್ಗಿಗೆ. ಇದನ್ನು ಸರಿಮಾಡೋದು ಅವರೊಬ್ಬರ ಕೆಲಸ ಅಲ್ಲ ಅನ್ನೋದು ನನ್ನ ವಾದ.

ನನ್ನ ಬ್ಯಾಚಿನಲ್ಲಿ ಒಬ್ಬ ಗೆಳೆಯ ಇದ್ದಾನೆ. ತನ್ನ ಬಗ್ಗೆ ಬರೆಯೋಕೆ ಒಪ್ಪಿದ್ದಾನೆ, ಹೆಸರು ಹಾಕೋಕೆ ಒಪ್ಪಿಲ್ಲ. ಕಳೆದ ಸೆಮ್‌ನ ಲ್ಯಾಬ್ ಪರೀಕ್ಷೆಯ ಹಿಂದಿನ ರಾತ್ರಿ ನನಗೆ ಷ್ಮಿಟ್ ಟ್ರಿಗರ್ ಹೇಳಿಕೊಟ್ಟವನು ಅವನೇ. ಮಾರನೇ ದಿನ ವೈವಾದಲ್ಲಿ ಅವನಿಗೆ ಅದೇ ಪ್ರಶ್ನೆ ಬಂತು, ಹಿಸ್ಟರೆಸಿಸ್ ಯಾಕೆ ಬೇಕು ಅಂತ. ‘ನಾ’ ಅಂದ, ‘ನಾಯ್ಸ್’ ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಪಟ್ಟ. ಎಕ್ಸ್‌ಟರ್ನಲ್ ವಾಚ್ ನೋಡಿಕೊಂಡರು. ಆಗ ಇವನು ಸ್ಪಷ್ಟವಾಗಿ, ಒಂದೇ ಉಸಿರಿಗೆ, “ಗೊತ್ತಿಲ್ಲ ಸರ್” ಅಂದುಬಿಟ್ಟ. ಆಮೇಲೆ ಯಾಕೋ ಹಾಗಂದೆ ಅಂತ ಕೇಳಿದ್ದಕ್ಕೆ, “ಅದೊಂದು ಸಲೀಸಾಗಿ ಬರುತ್ತೆ ಮಗಾ” ಅಂದ.

ಲ್ಯಾಬ್ ಪರೀಕ್ಷೆಯಲ್ಲಿ ವೈವಾಗೆ ಶೇ. 20 ಅಂಕ. ಅವನಿಗೆ ಅವತ್ತು ಎಷ್ಟು ಬಂತು ಅಂತ ನಾನು ಕೇಳಲಿಲ್ಲ.

ಕನ್ನಡದಲ್ಲಿ ನಾವು ತೊದಲು, ಉಗ್ಗು ಎರಡನ್ನೂ ಕಲಸಿಬಿಡ್ತೀವಿ. ತೊದಲು ಅಂದ್ರೆ ಪುಟ್ಟ ಮಗು ‘ರ’ಗೆ ‘ಲ’ ಅನ್ನೋದು. ಅದನ್ನು ಎಲ್ಲರೂ ಮುದ್ದು ಮಾಡ್ತಾರೆ. ಉಗ್ಗು ಅಂದ್ರೆ ಪದ ಗೊತ್ತಿದೆ, ಅದರ ಶಬ್ದವೂ ಗೊತ್ತಿದೆ, ಆದರೆ ಶುರುವಾಗಲ್ಲ, ಅಥವಾ ಮೊದಲ ಅಕ್ಷರದಲ್ಲೇ ಸುತ್ತುತ್ತೆ. ಇದಕ್ಕೆ ಮುದ್ದಿಲ್ಲ, ಅಡ್ಡಹೆಸರಿದೆ. ಸಿನಿಮಾಗಳಲ್ಲಂತೂ ಕಾಮಿಡಿ ಟ್ರ್ಯಾಕ್ ಇದೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾನು ಈ ಲೇಖನ ಬರೆಯುವಾಗ ಎಷ್ಟೋ ಕಡೆ ನಿಂತಿದ್ದೀನಿ. ಅದು ಪದ ಸಿಗದೆ ನಿಂತಿದ್ದು, ಹುಡುಕಿದರೆ ಸಿಗುತ್ತೆ. ಅವನ ಕಷ್ಟ ಪೂರ್ತಿ ಬೇರೆ. ಅವನಿಗೆ ತುಂಬಾ ಕಷ್ಟದ ಪದ ಅವನ ಹೆಸರೇ, ಯಾಕಂದ್ರೆ ಅದರ ಬದಲು ಬೇರೆ ಪದ ಹಾಕೋಕಾಗಲ್ಲ.

ಸಾಮಾನ್ಯವಾಗಿ ಇದು 2ರಿಂದ 5 ವರ್ಷದೊಳಗೆ ಶುರುವಾಗುತ್ತೆ. ಸುಮಾರು ಶೇ. 5 ಮಕ್ಕಳಲ್ಲಿ ಕಾಣಿಸಿಕೊಂಡರೂ ಹೆಚ್ಚಿನವರಲ್ಲಿ ಹೋಗಿಬಿಡುತ್ತೆ. ದೊಡ್ಡವರಲ್ಲಿ ಉಳಿಯೋದು ಸುಮಾರು ಶೇ. 1. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ, 60 ಜನರ ಎರಡು ಸೆಕ್ಷನ್‌ಗೆ ಒಬ್ಬರು. ಹುಡುಗರಲ್ಲೇ ಜಾಸ್ತಿ. ಅನುವಂಶೀಯತೆಗೂ, ಮಾತಿನ ಚಲನೆಯನ್ನು ಮೆದುಳು ಹೊಂದಿಸುವ ಟೈಮಿಂಗ್‌ಗೂ ಸಂಬಂಧ ಇದೆ. ಭಯದಿಂದ ಉಗ್ಗು ಹೆಚ್ಚಾಗಬಹುದು, ಆದರೆ ಭಯವೇ ಅದರ ಕಾರಣ ಅಲ್ಲ. ಹಾಗಾಗಿ “ಟೆನ್ಷನ್ ಮಾಡ್ಕೋಬೇಡ, ನಿಧಾನವಾಗಿ ಹೇಳು” ಅನ್ನೋದು ಒಳ್ಳೆ ಮನಸ್ಸಿನಿಂದ ಬಂದರೂ ಕೆಲಸಕ್ಕೆ ಬಾರದ ಸಲಹೆ. ಬಜೆ ತೇಯ್ದು ನಾಲಿಗೆಗೆ ಹಚ್ಚೋದೂ ಅಷ್ಟೇ.

ನಮ್ಮ ಸಿಲಬಸ್‌ಗೆ ಹತ್ತಿರದ ಒಂದು ವಿಷಯ ಹೇಳಲೇಬೇಕು. ನಾವು ಮಾತಾಡುವಾಗ ನಮ್ಮ ಕಿವಿಯೂ ಕೇಳಿಸಿಕೊಳ್ಳುತ್ತಾ ಇರುತ್ತೆ. ಅದೊಂದು ಫೀಡ್‌ಬ್ಯಾಕ್ ಲೂಪ್. ನಮ್ಮದೇ ಧ್ವನಿಯನ್ನು ಹೆಡ್‌ಫೋನ್‌ನಲ್ಲಿ ಸುಮಾರು 200 ಮಿಲಿಸೆಕೆಂಡ್ ತಡವಾಗಿ ಕೇಳಿಸಿದರೆ, ಸಲೀಸಾಗಿ ಮಾತಾಡುವವರೂ ತಡವರಿಸೋಕೆ ಶುರು ಮಾಡ್ತಾರೆ. 1950ರಲ್ಲೇ ಬರ್ನಾರ್ಡ್ ಲೀ ಅನ್ನುವವರು ಇದನ್ನು ಬರೆದಿದ್ದಾರೆ. ವಿಚಿತ್ರ ಅಂದ್ರೆ, ಧ್ವನಿಯನ್ನು ಹೀಗೆ ತಡ ಮಾಡೋದರಿಂದಲೇ ಉಗ್ಗು ಇರುವ ಕೆಲವರಿಗೆ ಮಾತು ಸುಲಭವಾಗುತ್ತೆ. ಎಲ್ಲರಿಗೂ ಅಲ್ಲ. ಹಾಡುವಾಗ, ಇನ್ನೊಬ್ಬರ ಜೊತೆ ದನಿಗೂಡಿಸಿ ಓದುವಾಗಲೂ ಉಗ್ಗು ಹೆಚ್ಚುಕಡಿಮೆ ಮಾಯ. ಧ್ವನಿ ತಡಮಾಡುವ ಆ್ಯಪ್‌ಗಳು ಫೋನ್‌ಗೂ ಸಿಗುತ್ತವೆ. ಒಮ್ಮೆ ಹಾಕಿಕೊಂಡು ನಿಮ್ಮ ಯುಎಸ್‌ಎನ್ ಹೇಳಿ ನೋಡಿ. ‘ಧೈರ್ಯ ಸಾಲದು’ ಅನ್ನೋ ಮಾತು ಆಮೇಲೆ ಬಾಯಿಗೆ ಬರಲ್ಲ.

ಕೇಳುವವರು ಏನು ಮಾಡಬಲ್ಲರು ಅನ್ನೋದಕ್ಕೆ ಒಂದು ಕೆಟ್ಟ ಉದಾಹರಣೆ ಇದೆ. 1939ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ವೆಂಡೆಲ್ ಜಾನ್ಸನ್ (ಅವರಿಗೂ ಉಗ್ಗು ಇತ್ತು) ಮಾರ್ಗದರ್ಶನದಲ್ಲಿ ಅನಾಥಾಲಯದ 22 ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಚೆನ್ನಾಗಿ ಮಾತಾಡುತ್ತಿದ್ದ ಕೆಲವು ಮಕ್ಕಳಿಗೆ ‘ನಿನಗೆ ಉಗ್ಗು ಬರ್ತಿದೆ, ಸರಿಯಾಗಿ ಹೇಳೋಕಾಗದಿದ್ರೆ ಮಾತಾಡಬೇಡ’ ಅನ್ನೋ ಥರ ಮತ್ತೆ ಮತ್ತೆ ಹೇಳಲಾಯಿತು. ಆ ಮಕ್ಕಳಿಗೆ ಉಗ್ಗೇನೂ ಬರಲಿಲ್ಲ. ಆದರೆ ಮಾತೇ ಕಡಿಮೆಯಾಯಿತು, ಕ್ಲಾಸಿನಲ್ಲಿ ಬಾಯಿ ಬಿಡೋಕೆ ಹಿಂಜರಿದರು. ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2001ರಲ್ಲಿ. ಮಾತಿನಲ್ಲಿ ಯಾವ ತೊಂದರೆಯೂ ಇಲ್ಲದ ಮಕ್ಕಳಿಗೇ ಹೀಗಾದರೆ, ನಿಜವಾಗಿ ಉಗ್ಗು ಇದ್ದು ಒಂದನೇ ಕ್ಲಾಸಿನಿಂದ ನಗು ಕೇಳಿಸಿಕೊಂಡು ಬಂದವರ ಕಥೆ ಏನು?

ಹಾಗಂತ ಏನೂ ಮಾಡೋಕಾಗಲ್ಲ ಅಂತಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮೈಸೂರಿನವರು ‘ಸ್ಪೀಚ್ ಅಂಡ್ ಹಿಯರಿಂಗ್’ ಅಂದ್ರೆ ಸಾಕು, ದಾರಿ ತೋರಿಸ್ತಾರೆ. ಕೇಂದ್ರ ಆರೋಗ್ಯ ಸಚಿವಾಲಯದ ಸಂಸ್ಥೆ ಅದು. ದೇಶದ ಬೇರೆ ಕಡೆಯಿಂದಲೂ ಜನ ಅಲ್ಲಿಗೆ ಬರ್ತಾರೆ, ನಮಗೆ ಬಸ್ ದೂರದಲ್ಲಿದೆ. ಮನೆಯಲ್ಲಿ ತಮ್ಮನೋ, ಅಕ್ಕನ ಮಗುವೋ ಕೆಲವು ತಿಂಗಳಿಂದ ಉಗ್ಗುತ್ತಿದ್ದರೆ ‘ದೊಡ್ಡೋನಾದ್ರೆ ಸರಿಹೋಗುತ್ತೆ’ ಅಂತ ಕಾಯೋದಕ್ಕಿಂತ ಒಮ್ಮೆ ಸ್ಪೀಚ್ ಥೆರಪಿಸ್ಟ್‌ಗೆ ತೋರಿಸೋದು ಮೇಲು. ಚಿಕ್ಕ ವಯಸ್ಸಿನಲ್ಲೇ ಶುರು ಮಾಡಿದರೆ ಫಲ ಜಾಸ್ತಿ. ದೊಡ್ಡವರಿಗೂ ಥೆರಪಿ ಇದೆ. ಪದವನ್ನು ಮೃದುವಾಗಿ ಶುರು ಮಾಡೋದು, ಸ್ವಲ್ಪ ಎಳೆದು ಹೇಳೋದು, ಉಗ್ಗನ್ನು ಮುಚ್ಚಿಡೋಕೆ ಹೆಣಗಾಡದೇ ಇರೋದು ಹೀಗೆ. ಆದರೆ ಥೆರಪಿ ರೂಮಿನಲ್ಲಿ ಕಲಿತದ್ದು ಹೊರಗೆ ಉಳಿಯಬೇಕಾದರೆ ಹೊರಗಿನವರು, ಅಂದ್ರೆ ನಾವು, ಕಾಯಬೇಕು.

ಕಾಯೋದು ಅಂದ್ರೆ ಸುಮ್ಮನೆ ಕಾಯೋದು. ವಾಕ್ಯವನ್ನು ನಾವು ಮುಗಿಸಿಕೊಡಬಾರದು, ಮುಖ ತಿರುಗಿಸಬಾರದು, ಫೋನ್ ನೋಡಬಾರದು. ಇಷ್ಟಕ್ಕೆ ಕಾಸು ಖರ್ಚಿಲ್ಲ.

ಕಾಲೇಜು ಮಾಡಬೇಕಾದದ್ದು ಸ್ವಲ್ಪ ಜಾಸ್ತಿ. ವೈವಾದಲ್ಲಿ ಕೇಳಿದವರಿಗೆ ಐದು ನಿಮಿಷ ಹೆಚ್ಚು ಕೊಡಿ, ಬೇಕಾದರೆ ಉತ್ತರವನ್ನು ಹಾಳೆಯ ಮೇಲೆ ಬರೆದು ತೋರಿಸೋಕೆ ಬಿಡಿ. ಇದನ್ನು ಹುಡುಗನೇ ಎಕ್ಸ್‌ಟರ್ನಲ್ ಮುಂದೆ ನಿಂತು ಬೇಡುವ ಹಾಗಾಗಬಾರದು, ಲ್ಯಾಬ್ ಇನ್‌ಚಾರ್ಜ್ ಮೊದಲೇ ತಿಳಿಸಲಿ. ಸರ್ಟಿಫಿಕೇಟ್ ತನ್ನಿ ಅಂತ ಅಲೆದಾಡಿಸಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾತು ಮತ್ತು ಭಾಷೆಯ ವೈಕಲ್ಯ ಇದ್ದರೂ, ಅದರ ವಿವರಣೆಯಲ್ಲಿ ಉಗ್ಗಿನ ಹೆಸರಿಲ್ಲ.

‘ಕಂಪನಿಯವರು ಕಮ್ಯುನಿಕೇಷನ್ ಸ್ಕಿಲ್ ನೋಡ್ತಾರೆ, ಈಗಲೇ ರೂಢಿಯಾಗಲಿ’ ಅಂತ ಒಬ್ಬ ಸೀನಿಯರ್ ಹೇಳಿದರು. ನೋಡ್ತಾರೆ, ನಿಜ. ಆದರೆ ಪ್ಲೇಸ್‌ಮೆಂಟ್ ಟ್ರೈನಿಂಗ್‌ನ ಗ್ರೂಪ್ ಡಿಸ್ಕಷನ್‌ನಲ್ಲಿ ನಾನು ಕಂಡಿದ್ದು ಕಮ್ಯುನಿಕೇಷನ್ ಅಲ್ಲ, ಯಾರು ಮೊದಲು ಬಾಯಿ ಹಾಕ್ತಾರೆ ಅನ್ನೋ ರೇಸ್. ಜನರಲ್ ಎಲೆಕ್ಟ್ರಿಕ್ ಕಂಪನಿಯನ್ನು 1981ರಿಂದ 2001ರವರೆಗೆ ನಡೆಸಿದ ಜ್ಯಾಕ್ ವೆಲ್ಚ್‌ಗೆ ಉಗ್ಗು ಇತ್ತು. ಓದಿದ್ದು ಕೆಮಿಕಲ್ ಇಂಜಿನಿಯರಿಂಗ್. ನಮ್ಮ ರೇಸ್‌ನಲ್ಲಿ ಅವರು ಮೊದಲ ರೌಂಡ್ ದಾಟುತ್ತಿದ್ದರೋ ಇಲ್ಲವೋ.

ನಮ್ಮ ಕನ್ನಡ ಬಳಗವೂ ಇದರಿಂದ ಹೊರಗಿಲ್ಲ. ರಾಜ್ಯೋತ್ಸವದ ನಿರೂಪಣೆಗೆ ಆಡಿಷನ್ ಮಾಡುವಾಗ ಒಂದು ನಿಮಿಷದ ಟೈಮರ್ ಇಡ್ತೀವಿ. ಈ ವರ್ಷ ಅದನ್ನು ತೆಗೆಯೋಣ ಅಂತ ಗ್ರೂಪ್‌ನಲ್ಲಿ ಹಾಕಿದ್ದೀನಿ. ಇದುವರೆಗೆ ಮೂರು ಥಂಬ್ಸ್ ಅಪ್ ಬಂದಿದೆ.