ನಕಾಶ್‌ರನ್ನು ಕೊಳದಿಂದ ಹೊರಗಿಟ್ಟವರು

ಫ್ರೆಂಚ್ ಈಜುಗಾರ ಆಲ್‌ಫ್ರೆಡ್ ನಕಾಶ್ ಎಂದೊಡನೆ ಎಲ್ಲರೂ ನೇರ ನಾಜಿಗಳ ಆಶ್‌ವಿಟ್ಸ್ ಸಾವಿನ ಶಿಬಿರದ ಕಥೆಗೆ ಹೋಗಿಬಿಡುತ್ತಾರೆ. ಮಕ್ಕಳಿಗೆ ಈಜು ಕಲಿಸುವವಳಾಗಿ ನನಗನ್ನಿಸುವುದು, ಅದಕ್ಕೂ ಮುಂಚಿನ ವರ್ಷಗಳನ್ನೇ ನಾವು ಹೆಚ್ಚು ಹೇಳಬೇಕು.

1915ರಲ್ಲಿ ಆಗ ಫ್ರೆಂಚ್ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾದ ಕಾನ್‌ಸ್ಟಂಟೀನ್‌ನ ಯಹೂದಿ ಮನೆಯಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲಿ ನೀರಿಗೆ ಹೆದರುತ್ತಿದ್ದರು. 1936ರಲ್ಲಿ ಹಿಟ್ಲರನ ಬರ್ಲಿನ್‌ನಲ್ಲೇ ನಡೆದ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಪರ ರಿಲೇ ಈಜಿದರು; ತಂಡಕ್ಕೆ ನಾಲ್ಕನೇ ಸ್ಥಾನ. 1940ರಲ್ಲಿ, ನಾಜಿಗಳೊಂದಿಗೆ ಕೈಜೋಡಿಸಿದ್ದ ಫ್ರಾನ್ಸಿನ ವಿಶಿ ಸರ್ಕಾರ ಅಲ್ಜೀರಿಯಾದ ಯಹೂದಿಗಳ ಫ್ರೆಂಚ್ ಪೌರತ್ವ ಕಿತ್ತುಕೊಂಡಿತು. ಮರುವರ್ಷವೇ ನಕಾಶ್ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ವಿಶ್ವದಾಖಲೆ ಮಾಡಿದರು. ಆ ದಾಖಲೆಯ ಹೆಮ್ಮೆ ಫ್ರಾನ್ಸಿಗೆ ಬೇಕಿತ್ತು, ಈಜಿದ ಮನುಷ್ಯ ಬೇಕಿರಲಿಲ್ಲ. ಯಹೂದಿ ಎಂಬ ಕಾರಣಕ್ಕೆ 1943ರ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಅವರನ್ನು ಸೇರಿಸಲಿಲ್ಲ. ಅವರ ತುಲೂಸ್ ಕ್ಲಬ್ಬಿನ ಗೆಳೆಯರು ತಾವೂ ಈಜುವುದಿಲ್ಲವೆಂದು ಹಿಂದೆ ಸರಿದರು. ಪದಕ ಬಿಟ್ಟುಕೊಟ್ಟ ಆ ಹುಡುಗರ ಬಗ್ಗೆ ನನಗೆ ಅಪಾರ ಗೌರವ. ಕ್ರೀಡೆಗೂ ರಾಜಕೀಯಕ್ಕೂ ಸಂಬಂಧವಿಲ್ಲ ಎನ್ನುವ ಪದಾಧಿಕಾರಿಗಳು ಇವರ ಮುಂದೆ ನಿಂತು ಆ ಮಾತು ಹೇಳಲಿ.

ಅದೇ ವರ್ಷದ ಕೊನೆಗೆ ನಕಾಶ್‌ರ ಬಂಧನವಾಯಿತು. 1944ರ ಜನವರಿಯಲ್ಲಿ ಅವರನ್ನು ಹೆಂಡತಿ ಪೋಲ್, ಎರಡು ವರ್ಷದ ಮಗಳು ಆನಿಯೊಂದಿಗೆ ಆಶ್‌ವಿಟ್ಸ್‌ಗೆ ಸಾಗಿಸಿದರು. ತಾಯಿ, ಮಗು ಇಬ್ಬರನ್ನೂ ಅಲ್ಲಿ ಕೊಂದರು. ಕಾವಲುಗಾರರು ತಮ್ಮ ಮೋಜಿಗಾಗಿ ನೀರಿನ ತೊಟ್ಟಿಗೆ ವಸ್ತು ಎಸೆದು, ಹಲ್ಲಿನಲ್ಲಿ ಕಚ್ಚಿ ತರುವಂತೆ ನಕಾಶ್‌ರನ್ನು ಮುಳುಗಿಸುತ್ತಿದ್ದರು. ಕಾವಲುಗಾರರ ಕಣ್ಣು ತಪ್ಪಿಸಿ ಅದೇ ತೊಟ್ಟಿಯಲ್ಲಿ ನಕಾಶ್ ತಮಗಾಗಿಯೂ ಈಜಿದರು.

ಬದುಕಿ ಬಂದ ನಕಾಶ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮತ್ತೆ ಫ್ರಾನ್ಸ್ ಪರವಾಗಿಯೇ ಈಜಿದರು, ವಾಟರ್ ಪೋಲೊ ಕೂಡ ಆಡಿದರು.