ಗೇರ್ ಮಾತು 4: ಇಳಿಜಾರಲ್ಲಿ ನ್ಯೂಟ್ರಲ್ ಯಾಕೆ ಗುರು?

ಮೇಲುಕೋಟೆ ಹತ್ತೋವಾಗ ಗೇರ್ ಯಾವಾಗ ಇಳಿಸ್ಬೇಕು ಅಂತ ಇಂಜಿನ್ನೇ ಹೇಳುತ್ತೆ. ಗಾಡಿ ನಡುಗೋಕೆ ಶುರುವಾದ್ರೆ ಒಂದು ಗೇರ್ ಕಮ್ಮಿ ಮಾಡಿ. ತಿರುವಿನ ಮಧ್ಯೆ ಅಲ್ಲ, ಮುಂಚೇನೇ. ಹಿಂದೆ ಫ್ರೆಂಡ್ ಕೂತಿದ್ರೆ ಇನ್ನೂ ಬೇಗ. ಅಷ್ಟೇ.

ನನ್ನ ತಕರಾರು ಇಳಿಯೋರ ಮೇಲೆ. ಪುಳಿಯೋಗರೆ ತಿಂದು, ಕಲ್ಯಾಣಿ ಹತ್ರ ಫೋಟೋ ಹೊಡ್ದು, ಜಕ್ಕನಹಳ್ಳಿ ಕಡೆಗೆ ನ್ಯೂಟ್ರಲ್ ಹಾಕಿ ಬಿಡ್ತೀರಲ್ಲ, ಪೆಟ್ರೋಲ್ ಉಳಿಯುತ್ತೆ ಅಂತ! ನಾನೂ ಬಿಡ್ತಿದ್ದೆ. ಒಂದ್ಸಲ ತಿರುವಲ್ಲಿ ಎದುರಿಗೆ ಬಸ್ಸು. ಅಷ್ಟೊತ್ತಿಗೆ ಹಿಂದಿನ ಡ್ರಮ್ ಬ್ರೇಕ್ ಕಾದುಹೋಗಿತ್ತು, ಎಷ್ಟು ತುಳಿದ್ರೂ ಹಿಡೀಲಿಲ್ಲ. ಗಾಬರೀಲಿ ಗೇರೂ ಸಿಗಲಿಲ್ಲ. ಪೊದೆಗೆ ನುಗ್ಗಿ ಉಳ್ಕೊಂಡ್ವಿ. ಹಿಂದೆ ಕೂತಿದ್ದವನ ಮೊಣಕಾಲಲ್ಲಿ ಕಲೆ ಇನ್ನೂ ಇದೆ. (ಅವನೂ ಇದನ್ನ ಓದ್ತಾನೆ. ಸಾರಿ ಮಗಾ.)

ಉಳಿತಾಯದ ಲೆಕ್ಕಾನೂ ತಪ್ಪು. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಬೈಕುಗಳಲ್ಲಿ ಬಹುತೇಕ ಫ್ಯೂಯಲ್ ಇಂಜೆಕ್ಷನ್. ಗೇರಲ್ಲೇ ಇದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ರೆ, ಇಳಿಜಾರಲ್ಲಿ ಸಾಮಾನ್ಯವಾಗಿ ಪೆಟ್ರೋಲ್ ಹೋಗೋದೇ ನಿಲ್ಲುತ್ತೆ. ನ್ಯೂಟ್ರಲ್‌ನಲ್ಲಾದ್ರೆ ಇಂಜಿನ್ ಆಫ್ ಆಗದೇ ಇರೋಕೆ ಕುಡೀತಾನೇ ಇರ್ಬೇಕು.

ಹತ್ತಿದ ಗೇರಲ್ಲೇ ಇಳೀರಿ, ಎರಡೋ ಮೂರೋ. ಇಂಜಿನ್ ಸ್ವಲ್ಪ ಕೂಗಿದ್ರೂ ಪರವಾಗಿಲ್ಲ, ಗಾಡೀನ ಹಿಡ್ಕೊಂಡಿರೋದು ಅದೇ. ವೈರಮುಡಿ ಜಾತ್ರೆ ರಶ್ಶಲ್ಲಿ ಹಾಫ್ ಕ್ಲಚ್ ಕಥೆ ನಾಳೆ ಹಾಕ್ತೀನಿ.