ಬಿಸಿಲನ್ನು ತೊಟ್ಟಿಯಲ್ಲಿ ಕೂಡಿಡುವ ವಿದ್ಯೆ

ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ ಸೌರ ಫಲಕಗಳ ಸಾಮರ್ಥ್ಯ 2,050 ಮೆಗಾವಾಟ್. ಆದರೆ ಹೊತ್ತು ಮುಳುಗಿತೆಂದರೆ ಅವುಗಳಿಂದ ಒಂದು ದೀಪವೂ ಉರಿಯದು. ಹಗಲಿನ ವಿದ್ಯುತ್ತನ್ನು ಇರುಳಿಗೆ ಉಳಿಸುವ ದಾರಿಗಳಲ್ಲಿ ಒಂದಾಗಿ ‘ಫ್ಲೋ ಬ್ಯಾಟರಿ’ಯ ಹೆಸರು ಈಗ ಕೇಳಿಬರುತ್ತಿದೆ. ರೈತ ಬಾಂಧವರು ಇದನ್ನು ತಿಳಿದಿರುವುದು ಒಳ್ಳೆಯದು.

ಟ್ರ್ಯಾಕ್ಟರಿನ ಬ್ಯಾಟರಿಯಲ್ಲಿ ಸೀಸದ ತಟ್ಟೆಗಳೇ ವಿದ್ಯುತ್ತಿನ ಕಣಜ. ಇಲ್ಲಿ ಹಾಗಲ್ಲ. ವೆನೇಡಿಯಂ ಎಂಬ ಲೋಹದ ಲವಣವನ್ನು ಗಂಧಕಾಮ್ಲದಲ್ಲಿ ಕರಗಿಸಿ ಎರಡು ದೊಡ್ಡ ತೊಟ್ಟಿಗಳಲ್ಲಿ ತುಂಬಿರುತ್ತಾರೆ. ಪಂಪುಗಳು ಆ ದ್ರಾವಣಗಳನ್ನು ನಡುವಿನ ಕೋಶಗಳಲ್ಲಿ, ತೆಳುವಾದ ಪೊರೆಯೊಂದರ ಎರಡು ಬದಿಗೆ ಹರಿಸುತ್ತವೆ. ಹಗಲು ಕೊಟ್ಟ ವಿದ್ಯುತ್ತನ್ನು ದ್ರಾವಣ ಹಿಡಿದಿಟ್ಟುಕೊಂಡು ರಾತ್ರಿ ಮರಳಿಸುತ್ತದೆ. ಇನ್ನಷ್ಟು ಗಂಟೆ ಬೇಕೆ? ತೊಟ್ಟಿಯನ್ನು ದೊಡ್ಡದು ಮಾಡಿದರಾಯಿತು. ದ್ರಾವಣದಲ್ಲಿ ನೀರಿರುವುದರಿಂದ ಬೆಂಕಿಯ ಭಯವೂ ಕಡಿಮೆ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಮಾರಿಯಾ ಸ್ಕಿಲ್ಲಾಸ್-ಕಜಾಕೋಸ್ ಮತ್ತು ಸಂಗಡಿಗರು 1980ರ ದಶಕದಲ್ಲಿ ರೂಪಿಸಿದ ವಿದ್ಯೆಯಿದು. ಚೀನದ ದಾಲಿಯನ್ ನಗರದಲ್ಲಿ 2022ರಲ್ಲಿ ಆರಂಭವಾದ ಘಟಕ 100 ಮೆಗಾವಾಟನ್ನು 4 ಗಂಟೆ ಕಾಲ ಕೊಡಬಲ್ಲುದು.

ಕುಂದುಗಳೂ ಇವೆ. ವೆನೇಡಿಯಂ ದುಬಾರಿ. ತುಂಬಿದ ವಿದ್ಯುತ್ತಿನಲ್ಲಿ ಕಾಲು ಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು, ನಷ್ಟವಾಗುತ್ತದೆ. ಆಮ್ಲ ಸೋರಿ ಹೊಲಕ್ಕೋ ಬಾವಿಗೋ ಇಳಿಯದಂತೆ ತೊಟ್ಟಿಯ ಸುತ್ತ ಭದ್ರವಾದ ಕಟ್ಟೆ ಇರಲೇಬೇಕು. ನಿಮ್ಮೂರಿಗೆ ಇಂಥ ಘಟಕ ಬರುವುದಾದರೆ ಗ್ರಾಮಸಭೆಯಲ್ಲಿ ಮೊದಲು ಇದನ್ನೇ ಕೇಳಿ. ಜಮೀನನ್ನು ಮಾರಿಬಿಡದೆ ಪಾವಗಡದವರಂತೆ ಗುತ್ತಿಗೆಗೆ ಕೊಡುವ ದಾರಿಯೂ ಇದೆ.

ಒಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕಾಗಿದೆ. ರಾತ್ರಿ ಪಾಳಿಯ ತ್ರೀ ಫೇಸ್ ವಿದ್ಯುತ್ತಿಗೆ ಕಾದು, ಹಾವು ಚೇಳುಗಳ ನಡುವೆ ಮೋಟಾರು ಹಾಕಲು ಹೋಗುವ ರೈತನ ಬವಣೆಗೆ ಈ ಬ್ಯಾಟರಿ ಮದ್ದಲ್ಲ. ಅದು ಮನೆಯ ದೀಪಕ್ಕೆ, ಡೈರಿಯಲ್ಲಿ ಹಾಲು ತಂಪಾಗಿಡುವುದಕ್ಕೆ, ಶೀತಲಗೃಹಕ್ಕೆ ಒದಗಲಿ. ನೀರೆತ್ತಲು ವಿದ್ಯುತ್ತನ್ನು ಕೂಡಿಡುವ ಅಗತ್ಯವೇ ಇಲ್ಲ. ಬಿಸಿಲಿದ್ದಾಗಲೇ ಎತ್ತಿ ಕೃಷಿ ಹೊಂಡಕ್ಕೆ ಬಿಟ್ಟರೆ ನೀರೇ ಉಳಿತಾಯದ ಗಂಟು. 2019ರಲ್ಲಿ ಆರಂಭವಾದ ಕುಸುಮ್ ಯೋಜನೆಯಡಿ ಕೃಷಿ ಫೀಡರುಗಳಿಗೆ ಸೌರ ವಿದ್ಯುತ್ ಜೋಡಿಸುವ ಕೆಲಸ ನಮ್ಮ ರಾಜ್ಯದಲ್ಲೂ ಕೆಲವೆಡೆ ನಡೆದಿದೆ. ನಿಮ್ಮ ಫೀಡರಿನ ಸರದಿ ಯಾವಾಗ ಎಂದು ವಿದ್ಯುತ್ ಕಂಪನಿಯ ಉಪವಿಭಾಗ ಕಚೇರಿಗೆ ಹತ್ತು ಮಂದಿ ಸಹಿ ಹಾಕಿ ಅರ್ಜಿ ಕೊಡಿ. ಉತ್ತರವನ್ನು ಬರಹದಲ್ಲೇ ಪಡೆಯಿರಿ.